ಖಾರದ ಬೆನ್ನಿಗೆ ಬಂದ ಜೋಳ

ಸುರಪುರದ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಇರುವುದು ನನ್ನದೊಂದೇ. ಹೀಗಾಗಿ ಓಣಿಯ ಹೊಟ್ಟೆಯ ವಿಷಯ ಮಾತಾಡುವ ಅಧಿಕಾರ ನನಗೇ ಸೇರಿದ್ದು ಎಂದು ನಾನು ಮೊದಲಿನಿಂದಲೂ ನಂಬಿದ್ದೆ. ಬೇರೆ ಯಾರೂ ನಂಬಿರಲಿಲ್ಲ, ಆ ಮಾತು ಬೇರೆ.

ತಿಂಗಳಿಗೊಮ್ಮೆ ಯಾದಗಿರಿಯಿಂದ ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದು, ದುಡಿಯಲಾಗದವರ ಮನೆಗಳಿಗೆ ಕಿಟ್ ಹಂಚುತ್ತಿದ್ದರು. ಅಕ್ಕಿ, ಬೇಳೆ, ಎಣ್ಣೆ. ಕಿಟ್ ಹಿಡಿದವರದೊಂದು ಫೋಟೊ. ಫೋಟೊ ಇಲ್ಲದೆ ಕಿಟ್ ಇಲ್ಲ! ಅವತ್ತು ನಮ್ಮ ಪಕ್ಕದ ಮನೆಯ ದುರ್ಗವ್ವನ ಸರದಿ. ಹತ್ತಿ ಬಿಡಿಸಿ ಬಿಡಿಸಿ ಮೊಣಕಾಲು ಸೋತ ಮುದುಕಿ. ಕಿಟ್ ಬಂದರೆ ಅವಳ ಒಲೆ ಉರಿಯುತ್ತಿತ್ತು. ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಮುಖ ಕಾಣಂಗ ನಿಂದ್ರು ಅಜ್ಜಿ, ಸ್ವಲ್ಪ ನಗು," ಎಂದರು ಸಂಸ್ಥೆಯ ಸಾಹೇಬರು.

"ಹಸದ ಮಾರಿಗಿ ನಗು ಎಲ್ಲಿಂದ ತರ್ಲಿ ಯಪ್ಪಾ?" ಎಂದವಳೇ ಕಿಟ್ಟನ್ನು ನೆಲಕ್ಕಿಟ್ಟು ಮನೆಗೆ ನಡೆದುಬಿಟ್ಟಳು.

ನನ್ನ ರಕ್ತ ಕುದಿಯಿತು. ಹೋಗಿ ಜೀಪಿನ ಮುಂದೆ ನಿಂತೆ. "ನಿಮ್ಮ ಕಿಟ್ ನಿಮ್ಮ ಕಡೇನೇ ಇರ್ಲಿ ಸಾಹೇಬ್ರ! ನಮ್ಮ ಓಣಿ ಹೊಟ್ಟಿ ನಾವೇ ತುಂಬ್ತೀವಿ!"

ಚಪ್ಪಾಳೆ ಬಿತ್ತು. ಸಾಹೇಬರ ಮುಖ ಅರಳಿತು. "ಭಾಳ ಚೊಲೊ ಆತು. ನಮಗೂ ಸುಸ್ಥಿರ ವ್ಯವಸ್ಥೆನೇ ಬೇಕಾಗಿತ್ತು. ಮುಂದಿನ ತಿಂಗಳ ಬಂದು ನೋಡ್ತೀವಿ," ಎಂದು ಕಿಟ್ಟುಗಳ ಸಮೇತ ಹೊರಟೇಬಿಟ್ಟರು! ಒಂದು ಮಾತಿಗಾದರೂ ಒತ್ತಾಯ ಮಾಡುತ್ತಾರೆಂದು ನಾನು ಎಣಿಸಿದ್ದೆ.

ಸಿಟ್ಟು ಬಂದರೆ ನನ್ನ ಹೆಂಡತಿ ಶಮೀಮ್ ಮನೆಮಾತಾದ ಉರ್ದು ಬಿಟ್ಟು ಕನ್ನಡಕ್ಕೆ ಇಳಿಯುತ್ತಾಳೆ, ಓಣಿಗೆಲ್ಲ ತಿಳಿಯಲೆಂದು. "ಭಾಷಣ ಹೊಡೆದ್ರಿ. ದುರ್ಗವ್ವಗ ಸಂಜಿಗಿ ಅದನ್ನೇ ಬಡಸ್ಲೇನ್ರಿ?"

ಆ ಸಂಜೆ ದುರ್ಗವ್ವ ನಮ್ಮ ಮನೆಯಲ್ಲೇ ಉಂಡಳು. ನನಗೆ ಯೋಜನೆ ಹೊಳೆದದ್ದೂ ಆಗಲೇ. ಗಿರಣಿಗೆ ಬಂದವರೆಲ್ಲ ಒಂದು ಮುಷ್ಟಿ ಜೋಳವನ್ನು ಡ್ರಮ್ಮಿಗೆ ಹಾಕುವುದು. ಬೀಸುವ ಖರ್ಚು ನನ್ನದು. ಹಿಟ್ಟು ಬೇಕಾದವರ ಮನೆಗೆ. ಯಾರು ಹಾಕಿದರು, ಯಾರು ಒಯ್ದರು ಎಂದು ಯಾರೂ ಕೇಳುವ ಹಾಗಿಲ್ಲ, ಫೋಟೊ ತೆಗೆಯುವ ಹಾಗೆ ಮೊದಲೇ ಇಲ್ಲ. ನಮ್ಮದು ಬಡವರ ಓಣಿ, ಮುಷ್ಟಿ ಮಾತ್ರ ದೊಡ್ಡವು. ಅದು ತುಂಬುವವರೆಗೆ ದುರ್ಗವ್ವನಂಥವರು ಅಕ್ಕಪಕ್ಕದ ಮನೆಗಳಲ್ಲೇ ಉಂಡರು. ತಿಂಗಳೊಳಗೆ ಡ್ರಮ್ಮು ತುಂಬಿತು!

ಸಾಹೇಬರು ಬರುವ ದಿನವೂ ಬಂತು. ಬೇಸಿಗೆಯ ಆರಂಭ, ಓಣಿಯವರೆಲ್ಲ ವರ್ಷದ ಖಾರ ಬೀಸಿಸುವ ಕಾಲ. ಖಾರ ಬೀಸಿದ ಮೇಲೆ ಕಲ್ಲು ಬಿಚ್ಚಿ ಝಾಡಿಸಬೇಕು, ಒಂದಿಷ್ಟು ನುಚ್ಚು ಹಾಕಿ ತಿರುಗಿಸಿ ಅದನ್ನು ಚೆಲ್ಲಬೇಕು, ಆಮೇಲೆ ಜೋಳ. ಇದು ಗಿರಣಿಯವನ ಮೊದಲ ಪಾಠ. ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು! ಆದರೆ ಅವತ್ತು ನಾನು ಗಿರಣಿಯವನಾಗಿರಲಿಲ್ಲ, ಮುಖ್ಯ ಭಾಷಣಕಾರನಾಗಿದ್ದೆ. "ಸ್ವಾಭಿಮಾನಿ ಬಂಧುಗಳೇ" ಎಂದು ಬಾಯಿಪಾಠ ಮಾಡುತ್ತ, ಮೆಣಸಿನಕಾಯಿಯ ಬೆನ್ನಿಗೇ ಇಡೀ ಡ್ರಮ್ಮಿನ ಜೋಳವನ್ನು ಸುರಿದುಬಿಟ್ಟಿದ್ದೆ. ಹಿಟ್ಟು ಕೆಂಪಗೆ ಬಂತು. ಯಾರೋ ಕೆಂಪು ಜೋಳ ಹಾಕಿರಬೇಕು ಅಂದುಕೊಂಡೆ.

ಸಾಹೇಬರ ಜೀಪೂ ಬಂತು, ದುರ್ಗವ್ವನ ಒಲೆಯ ಮೇಲೆ ಮೊದಲ ರೊಟ್ಟಿಯೂ ಬಿತ್ತು. ಘಾಟು ಎದ್ದಿತು. ದುರ್ಗವ್ವ ಸೀನಿದಳು, ಶಮೀಮ್ ಸೀನಿದಳು, ಓಣಿಯ ನಾಯಿಯೂ ಸೀನಿತು. ನಾನು ಮಾತ್ರ ಕೆಮ್ಮುತ್ತಲೇ ರೊಟ್ಟಿಯನ್ನು ತಾಟಿನಲ್ಲಿಟ್ಟು ಸಾಹೇಬರ ಮುಂದೆ ಹಿಡಿದೆ. "ಇದು ನಮ್ಮ ಓಣಿಯ ರುಚಿ ಸಾಹೇಬ್ರ!"

ದೊಡ್ಡ ಮನುಷ್ಯರು, ಮರ್ಯಾದೆಗೆ ಒಂದು ತುತ್ತು ನುಂಗಿದರು. ಕಣ್ಣಿನಿಂದ ಧಾರಾಕಾರ ನೀರು! "ನೀ... ನೀರು!" ಎಂದರು. ನೆರವು ಕೊಡುವವರೇ ನೆರವು ಬೇಡಿದ್ದು ನಮ್ಮ ಓಣಿಯ ಚರಿತ್ರೆಯಲ್ಲಿ ಅದೇ ಮೊದಲು. ಅವರ ಜೊತೆ ಬಂದಿದ್ದ, ಫೋಟೊ ತೆಗೆಯುವ ಹುಡುಗಿ ಅಭ್ಯಾಸಬಲದಿಂದ ಮೊಬೈಲು ಎತ್ತಿದಳು.

ದುರ್ಗವ್ವ ನೀರಿನ ತಂಬಿಗೆ ಹಿಡಿದು ಬಂದಳು. "ಸ್ವಲ್ಪ ನಗ್ರಿ ಸಾಹೇಬ್ರ, ಫೋಟೊ ಹಿಡಿಯಾಕತ್ತಾರ."

ಸಾಹೇಬರು ಮೂಗು ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. "ಇದು ನಡಿಯೋ ಮಾತಲ್ಲ. ಮತ್ತ ಕಿಟ್ ಕಳಸ್ತೀವಿ. ಫೋಟೊ ಒಂದು ಬೇಕಾಗ್ತದ."

ಒಂದು ತಿಂಗಳ ಮುಷ್ಟಿಯೆಲ್ಲ ನನ್ನಿಂದ ಹಾಳಾಗಿತ್ತು. ಇವತ್ತು ಹಿಟ್ಟಿಗೆ ಬರುವವರಿಗೆ ಏನು ಹೇಳಲಿ? ನಾಚಿಕೆಯಿಂದ ತಲೆ ತಗ್ಗಿತು, ಹ್ಞೂಂ ಅನ್ನಲು ಬಾಯಿಯೂ ತೆರೆಯಿತು. ಅಷ್ಟರಲ್ಲಿ ದುರ್ಗವ್ವ ನಡುವೆ ಬಂದಳು.

"ಬ್ಯಾಡ್ರಿ ಯಪ್ಪಾ. ಹಿಟ್ಟು ಖಾರ ಆಗ್ಯದ, ನಮ್ಮ ಕೈ ಏನು ಬಿದ್ದು ಹೋಗ್ಯಾವೇನು? ಇದಕ ಇನ್ನಷ್ಟು ಹಿಟ್ಟು ಕಲಸಿ, ಎಳ್ಳು ಹಾಕಿ ಧಪಾಟಿ ರೊಟ್ಟಿ ಬಡಿತೀವಿ. ಖಾರ ಬ್ಯಾರೆ ಹಾಕೋದು ಉಳೀತು. ನೀವು ಹೋಗಿಬರ್ರಿ."

ಜೀಪು ಹೋಯಿತು. ಹೆಂಗಸರು ಮನೆಮನೆಯಿಂದ ಬಿಳಿ ಹಿಟ್ಟು ತಂದು ನನ್ನ ಕೆಂಪು ಹಿಟ್ಟಿಗೆ ಬೆರೆಸಿದರು. ಬೈದುಕೊಂಡೇ ಬೆರೆಸಿದರು, ಬೈದದ್ದು ನನ್ನನ್ನೇ. ಅವತ್ತಿನಿಂದ ಕಿಟ್ ಬಂದಿಲ್ಲ, ದುರ್ಗವ್ವನ ಒಲೆ ಆರಿಲ್ಲ. ರೇಷನ್ ಜೋಳ ಬಂದಾಗ ಆಕೆಯೂ ಒಂದು ಮುಷ್ಟಿ ತಂದು ಹಾಕುತ್ತಾಳೆ. ಬರಲಿ ಯಾರು ಬರುತ್ತಾರೋ, ನಮ್ಮ ಓಣಿಯಲ್ಲಿ ಇನ್ನು ಯಾರೂ ಹೊಟ್ಟೆಗಾಗಿ ಫೋಟೊಗೆ ಮುಖ ತೋರಿಸಿ ನಿಲ್ಲುವುದಿಲ್ಲ!

ಡ್ರಮ್ಮಿನ ಉಸ್ತುವಾರಿ ಈಗ ಶಮೀಮ್ ಮತ್ತು ದುರ್ಗವ್ವನದು. ಯೋಜನೆಯ ಸಂಸ್ಥಾಪಕನಾದ ನಾನೂ ದಿನಾ ನನ್ನ ಪಾಲಿನ ಜೋಳ ಮುಷ್ಟಿಯಲ್ಲಿ ಹಿಡಿದು ಡ್ರಮ್ಮಿನ ಮುಂದೆ ನಿಲ್ಲುತ್ತೇನೆ. ದುರ್ಗವ್ವ ಮೊದಲು ನನ್ನ ಕೈ ಮೂಸಿ ನೋಡುತ್ತಾಳೆ. ಆಮೇಲೆ "ಹಾಕು" ಅನ್ನುತ್ತಾಳೆ.