ಮರಿಲಿಂಗಪ್ಪ ಮಾಸ್ತರರು ಚಟ ಬಿಟ್ಟದ್ದು

ಖಾಜಾಮಿಯಾನ ಪಾನ್ ಅಂಗಡಿಯ ಮುಂದೆ ಮರಿಲಿಂಗಪ್ಪ ಮಾಸ್ತರರು ನಿಂತದ್ದೇ ತಪ್ಪಾಯಿತು.

ಶಹಾಪುರದ ಆಚೆ, ಕಾಲುವೆ ದಂಡೆಯ ಆ ಊರಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಹುಟ್ಟಿದಾಗಿನಿಂದ ಒಂದು ಅಡಿಕೆ ಚೂರನ್ನೂ ಬಾಯಿಗೆ ಹಾಕಿದವರಲ್ಲ. ಆ ಧೈರ್ಯದ ಮೇಲೆಯೇ ಮಕ್ಕಳದೊಂದು ‘ಚಟ ಬಿಡಿಸುವ ಬಳಗ’ ಕಟ್ಟಿದ್ದರು. ಅಂದು ಮಧ್ಯಾಹ್ನ ಬಳಗ ನೋಡಲು ತಾಲೂಕಿನ ಶಿಕ್ಷಣಾಧಿಕಾರಿ ಅಬ್ದುಲ್ ಕರೀಮ ಸಾಹೇಬರು ಬರುವವರಿದ್ದರು. ಬೀಡಿ, ಗುಟಕಾಗಳನ್ನು ಹಲಗೆಗೆ ಅಂಟಿಸಿ ತೋರಿಸಿದರೆ ಪಾಠ ಕಳೆಗಟ್ಟುತ್ತದೆಂದು ಮಾಸ್ತರರಿಗೆ ಹೊಳೆದಿತ್ತು.

“ಎಲ್ಲಾದ್ರಾಗೂ ಒಂದೊಂದು ಕೊಡಪಾ.”

“ಎಲ್ಲಾ ಒಮ್ಮಿಗೇ ಶುರು ಮಾಡ್ತೀರೇನ್ರಿ ಮಾಸ್ತರ್?” ಖಾಜಾಮಿಯಾ ಬೆದರಿದ.

ಬೆಂಕಿಪೊಟ್ಟಣ ಕೊಳ್ಳಲು ಬಂದಿದ್ದ ನೆರೆಮನೆಯ ರೇಣಮ್ಮ ಅದನ್ನೂ ಅಲ್ಲೇ ಮರೆತು ಓಡಿದಳು. ತೂಬು ಎತ್ತಿದ ಕಾಲುವೆ ನೀರಿನಂತೆ ಸುದ್ದಿ ಓಣಿ ಓಣಿಗೆ ನುಗ್ಗಿತು. ಮಾಸ್ತರರು ಶಾಲೆ ಮುಟ್ಟುವಷ್ಟರಲ್ಲಿ ಹೆಂಡತಿ ದೇವಕಮ್ಮ ಗೇಟಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

“ನನ್ನ ಮುಂದ ಒಂದು ಮಾತು ಹೇಳಬಾರದೇನ್ರಿ? ಮನ್ಯಾಗೇ ಎಲಿ ಮಡಚಿ ಕೊಡ್ತಿದ್ದೆ!”

ಅಷ್ಟರಲ್ಲಿ ಬಳಗದ ಮುಂದಾಳು, ಹತ್ತನೇ ಇಯತ್ತೆಯ ಮಜೀದಾ, ಎದುರು ಬಂದು ಅವರ ಕೈಯ ಚೀಲದತ್ತ ಕೈ ಚಾಚಿದಳು.

“ಸರ್, ಚೀಲ ಕೊಡ್ರಿ.”

“ನಾ ತಿನ್ನಂಗಿಲ್ಲವಾ!”

“ಚಟದವ್ರು ಮೊದ್ಲು ಹಿಂಗ ಅಂತಾರಂತ ನೀವೇ ಕಲಿಸೀರಿ.”

“ಯಾರ ಮುಂದ ಮಾತಾಡಾಕತ್ತಿ ನೀ?”

“ಆಮ್ಯಾಲ ಸಿಟ್ಟಿಗೇಳ್ತಾರ ಅಂದಿದ್ರಿ.”

“ನಿಮಗ ತೋರ್ಸಾಕ ತಂದೀನಿ!”

“ಕಡೀಕ ಬ್ಯಾರೇ ಮಂದೀ ಸಲುವಾಗಿ ತಂದೀನಿ ಅಂತಾರಂದ್ರಿ. ಕೈ ಬಿಡಬ್ಯಾಡ್ರಿ ಅಂತನೂ ನೀವೇ ಹೇಳೀರಿ ಸರ್. ನಾವು ಬಿಡಂಗಿಲ್ಲ.”

ಬಳಗ ಮಾಸ್ತರರನ್ನು ಬೇವಿನ ಮರದ ಕೆಳಗೆ ಕೂರಿಸಿತು. ಗಳಿಗೆಗೊಮ್ಮೆ ನೀರು, ಗಳಿಗೆಗೊಮ್ಮೆ ಅಗಿಯಲು ಒಂದು ಹಿಡಿ ಬಡೇಸೋಪಿನ ಕಾಳು. ಆಕಳಿಸಿದರೆ ಚಟದ ಹುಕಿ ಬಂತೆಂದು ಎಬ್ಬಿಸಿ ಕಾಲುವೆ ದಂಡೆಗುಂಟ ನಡೆಸಿತು. ಮೂರನೇ ಸುತ್ತಿಗೆ ಅವರ ಹೊಟ್ಟೆ ತುಂಬಿದ ಕೊಡದಂತೆ ಗುಳುಗುಳು ಅನ್ನುತ್ತಿತ್ತು.

ಜವಾನ ಅಂಬಣ್ಣ ಕಿವಿಯಲ್ಲಿ ಪಿಸುಗುಟ್ಟಿದ: “ಒಪ್ಕೊಂಡ್ಬಿಡ್ರಿ ಮಾಸ್ತರ್. ಹ್ವಾದ ವಾರ ನನ್ನನ್ನೂ ಹಿಂಗ ಹಿಡಿದಿದ್ರು. ಒಪ್ಕೊಂಡ ಮ್ಯಾಲೇ ಬಿಟ್ರು.”

ಅಂಗಳಕ್ಕೆ ಸಾಹೇಬರ ಜೀಪು ಬಂದು ನಿಂತಿತು. ಅವರೆದುರು ಈ ಮೆರವಣಿಗೆ ಬೇಡವೆಂದು ಮಾಸ್ತರರು ಎದ್ದು ನಿಂತು ಒದರಿದರು: “ಹೌದ್ರವಾ, ತಿಂತಿದ್ದೆ! ಇವತ್ತಿಗೆ ಬಿಟ್ಟೆ!”

ಮಕ್ಕಳ ಚಪ್ಪಾಳೆಗೆ ಬೇವಿನ ಮೇಲಿನ ಗಿಳಿಗಳು ಹಾರಿದವು. ದೇವಕಮ್ಮ ಕೈಮುಗಿದಳು. ಜೀಪಿನಿಂದ ಇಳಿದ ಸಾಹೇಬರು ಮಾತ್ರ ಕೈಯಲ್ಲಿದ್ದ ಜರಿ ಶಾಲನ್ನು ನೋಡಿ ಪೆಚ್ಚಾದರು.

“ಅರೆ ಮಾಸ್ತರ್! ತಾಲೂಕಿನಾಗ ಯಾವ ಚಟಾನೂ ಇಲ್ಲದ ಮಾಸ್ತರ ನೀವೊಬ್ಬರೇ ಅಂತ ನಿಮಗ ಹೊದಿಸಾಕ ಇದನ್ನ ತಂದಿದ್ನಲ್ರಿ.”

“ಸಾಹೇಬ್ರ, ನಾ ಎಂದೂ…” ಎಂದರು ಮಾಸ್ತರರು. ಮಜೀದಾ ನೀರಿನ ತಂಬಿಗೆ ಎತ್ತಿದಳು.

ಸಾಹೇಬರು ಯೋಚಿಸಿ ಶಾಲನ್ನು ಮಜೀದಾಳ ಹೆಗಲಿಗೆ ಹೊದಿಸಿದರು. “ಒಂದೇ ದಿನದಾಗ ಮಾಸ್ತರರ ಚಟ ಬಿಡಿಸಿದ ಹುಡುಗಿ!”

ಮರಿಲಿಂಗಪ್ಪನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಏನೇ ಆಗಲಿ, ತಾವು ಕಲಿಸಿದ ಪಾಠವನ್ನು ಹುಡುಗಿ ಒಂದಕ್ಷರ ಬಿಡದೆ ಕಲಿತಿದ್ದಳು.

“ನಾಳಿಂದ ಸುರಪುರ, ಯಾದಗಿರಿ ಸಾಲಿಗೆಲ್ಲಾ ನೀವು ಬರ್ರಿ,” ಎಂದರು ಸಾಹೇಬರು ಮೈಕು ಮಾಸ್ತರರ ಕೈಗಿಡುತ್ತ. “ಚಟ ಹೆಂಗ ಹತ್ತಿತ್ತು, ಹೆಂಗ ಬಿಟ್ರಿ, ಖುದ್ದು ಹೇಳ್ರಿ. ಈಗ ಇಲ್ಲೇ ಶುರು ಮಾಡ್ರಿ.”

ಮಾಸ್ತರರು ಮೈಕನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು.

“ಹೇಳ್ರಿ ಸರ್, ನಾಚಬ್ಯಾಡ್ರಿ,” ಎಂದಳು ಶಾಲು ಸರಿಪಡಿಸಿಕೊಳ್ಳುತ್ತ ಮಜೀದಾ, “ಎಲ್ಲಾ ನಮ್ಮವ್ರೇ ಇದ್ದೀವಿ.”