ನಾನು ಬೇಡವೆಂದ ಪರೀಕ್ಷೆ

ಚೌಕಾಸಿ ಮಾಡದೆ ಕೊಂಡದ್ದು ನನ್ನ ಮೈಗೆ ಹತ್ತುವುದಿಲ್ಲ. ಒಮ್ಮೆ ಊಟಿಯಲ್ಲಿ ಹಲ್ಲು ಕೀಳಿಸಲು ಹೋದವನು, ‘ಎರಡು ಕಿತ್ತರೆ ಎಷ್ಟು ಬಿಡ್ತೀರಿ?’ ಎಂದು ಕೇಳಿದ್ದೆ. ಹುಳುಕಾಗಿದ್ದುದು ಒಂದೇ ಹಲ್ಲು. ಇದನ್ನು ಹೇಳಿ ನಾಲ್ಕು ಜನರನ್ನು ನಗಿಸಬಲ್ಲೆ. ಹೆಂಡತಿ ಸುಮಾ ಬಸುರಿಯಾಗಿದ್ದಾಗ ಮಾಡಿದ್ದನ್ನು ಹೇಳಹೊರಟರೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತದೆ.

ಆಗ ಅವಳಿಗೆ ಆರನೇ ತಿಂಗಳು. ಮಸಿನಗುಡಿಯಲ್ಲಿ ನಮ್ಮದು ದಿನಸಿ ಅಂಗಡಿ. ತೋರಿಸುತ್ತಿದ್ದುದು ಗೂಡಲೂರಿನ ಖಾಸಗಿ ಡಾಕ್ಟರಮ್ಮನ ಹತ್ತಿರ. ಅವರು ಬರೆದುಕೊಟ್ಟ ಪರೀಕ್ಷೆಗಳ ಚೀಟಿ ಹಿಡಿದು ಇಬ್ಬರೂ ಲ್ಯಾಬಿಗೆ ಹೋದೆವು. ಗ್ಲೂಕೋಸ್ ಕುಡಿಸಿ ಸಕ್ಕರೆ ನೋಡುವ ಪರೀಕ್ಷೆಯ ಮೇಲೆ ಬೆರಳಿಟ್ಟು, ಲ್ಯಾಬಿನಾಕೆಗೆ ‘ಇದೊಂದು ಬಿಡಮ್ಮ, ನಮ್ಮ ವಂಶದಲ್ಲೇ ಯಾರಿಗೂ ಸಕ್ಕರೆ ಇಲ್ಲ’ ಎಂದೆ. ‘ರಕ್ತ ಕೊಡೋದು ನಿಮ್ಮ ಹೆಂಡತಿ ಅಲ್ವಾ ಸಾರ್?’ ಎಂದಳು ಆಕೆ. ಬೆಂಚಿನ ಮೇಲೆ ಕೂತಿದ್ದ ಸುಮಾ ಏನೆಂದು ಕೇಳಿದಾಗ, ‘ಡಾಕ್ಟರಿಗೆ ಫೋನ್ ಮಾಡಿದೆ. ಸಕ್ಕರೆದು ಬೇಡ ಅಂದರು’ ಎಂದುಬಿಟ್ಟೆ.

ಮುಂದಿನ ತಿಂಗಳು ಡಾಕ್ಟರಮ್ಮ ಕಾಗದ ತಿರುವಿ, ‘ಸಕ್ಕರೆ ರಿಪೋರ್ಟ್ ಎಲ್ಲಿ?’ ಎಂದರು. ‘ನೀವೇ ಬೇಡ ಅಂದಿರಂತಲ್ಲ ಮೇಡಂ?’ ಎಂದಳು ಸುಮಾ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಗೋಡೆಯ ಮೇಲಿದ್ದ ಮಗುವಿನ ಚಿತ್ರವನ್ನು ನಾನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲು. ‘ಖರ್ಚು ಕಷ್ಟವಾದರೆ ಬಾಯಿಬಿಟ್ಟು ಹೇಳಿ. ನಿಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡ್ತಾರೆ’ ಎಂದರು ಡಾಕ್ಟರಮ್ಮ. ಅದು ನನಗೆ ಗೊತ್ತಿತ್ತು. ಅಲ್ಲಿನ ನರ್ಸ್ ಎರಡು ಸಲ ಅಂಗಡಿಗೇ ಬಂದು ಕರೆದಿದ್ದರು. ಗಿರಾಕಿಗಳೆದುರು ‘ನಮ್ಮದು ಪ್ರೈವೇಟು’ ಎಂದು ಎದೆಯುಬ್ಬಿಸಿ ಕಳಿಸಿದ್ದೆ. ಕಾಸು ಬಿಚ್ಚಲು ಮನಸ್ಸಿಲ್ಲ, ಪುಕ್ಕಟೆ ಪಡೆಯಲು ಮಾನ ಬಿಡದು. ನಡುವೆ ಸಿಕ್ಕಿಕೊಂಡವಳು ಹೆಂಡತಿ.

ಮರುದಿನವೇ ಆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಸಾಲಿನಲ್ಲಿದ್ದವರೆಲ್ಲ ನನ್ನ ಗಿರಾಕಿಗಳೇ. ಯಾರೂ ನನ್ನತ್ತ ವಿಶೇಷವಾಗಿ ನೋಡಲಿಲ್ಲ. ಸರಿದು ಸುಮಾಳಿಗೆ ಜಾಗ ಕೊಟ್ಟರು. ಸಕ್ಕರೆ ಹೆಚ್ಚಿತ್ತು. ‘ಹೋದ ತಿಂಗಳೇ ಬಂದಿದ್ದರೆ ಚೆನ್ನಾಗಿತ್ತು ಅಣ್ಣಾ’ ಎಂದಷ್ಟೇ ಹೇಳಿದರು ನರ್ಸ್. ಚೆನ್ನಾಗಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪಥ್ಯ, ನಡಿಗೆಯಲ್ಲೇ ಸಕ್ಕರೆ ಹತೋಟಿಗೆ ಬಂತು. ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಸುಮಾ ಒಮ್ಮೆಯೂ ಆ ಮಾತೆತ್ತಿಲ್ಲ. ಆದರೆ ಮೊನ್ನೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ, ಒಳಗೆ ಹೊರಟ ಅವಳ ಹಿಂದೆಯೇ ನಾನೂ ಎದ್ದೆ. ‘ನೀವಿಲ್ಲೇ ಕೂತಿರಿ. ಒಳಗೆ ಏನಂದರು ಅಂತ ನಾನೇ ಬಂದು ಹೇಳ್ತೀನಿ’ ಎಂದಳು. ಕೂತೆ. ಬಂದು ಹೇಳಿದಳು. ಒಂದು ಮಾತನ್ನೂ ಅನುಮಾನಿಸದೆ ನಂಬಿದೆ. ಅವಳೂ ಅಂದು ಹೀಗೇ ನಂಬಿದ್ದಳಲ್ಲ ಎನ್ನಿಸಿ, ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಮುಖ ತಗ್ಗಿಸಿದೆ.