ಭರಣಿಯ ಬಂಡೆಮೀನು

ಮೀನು ಹೆಬ್ಬೆರಳಿನಷ್ಟಿತ್ತು, ಅದು ತಂದ ಪಜೀತಿ ಮಾತ್ರ ಎಮ್ಮೆಯಷ್ಟು.

ಮುರಗೋಡದ ಆಚೆಗಿನ ಒಂದು ಸಾಲಿಯ ಹೆಡ್‌ಮಾಸ್ತರ ಶಂಕ್ರೆಪ್ಪನವರು ಹೋದ ವಾರ ಕಾರವಾರಕ್ಕೆ ಹೋಗಿ, ಕಡಲಂಚಿನ ಬಂಡೆಗಳ ಸಂದಿಯಿಂದ ಅದನ್ನು ಹಿಡಿದು, ಸಮುದ್ರದ ನೀರಿನ ಸಮೇತ ಗಾಜಿನ ಭರಣಿಯಲ್ಲಿ ತಂದಿದ್ದರು. ವಿಜ್ಞಾನದ ಮೇಲೆ ಅವರಿಗೆ ಅಪಾರ ಪ್ರೀತಿ. ಆದರೆ ಮನೆಯೊಳಗೆ ಮೀನಿಟ್ಟರೆ ಹೆಂಡತಿ ಇವರನ್ನೇ ಹೊರಗಿಡುತ್ತಿದ್ದಳು. ಹೀಗಾಗಿ ವಿಜ್ಞಾನವು ಸಾಲಿಯ ಸಿಪಾಯಿ ಭರಮಪ್ಪನ ಮನೆಯ ಕಟ್ಟೆಗೆ ಬಂದು ಕೂತಿತ್ತು.

ಅಂದು ಬೆಳಿಗ್ಗೆ ಮಾಸ್ತರು ಬಂದು ಗುಡುಗಿದರು: “ಮಧ್ಯಾಹ್ನ ಸಾಹೇಬ್ರು ತಪಾಸಣಿಗೆ ಬರ್ತಾರ. ಮೀನ ಸತ್ತರ ನಿನಗ ವರ್ಗಾ ಅಂತ ತಿಳಕೊ!”

ವರ್ಗಾವಣೆಯೆಂದರೆ ಭರಮಪ್ಪನ ಜೀವವೇ ಹಾರುತ್ತಿತ್ತು. ಸಾಲಿಯ ಬೆನ್ನಿಗೇ ಮನೆ. ಮಧ್ಯಾಹ್ನದ ಗಂಟೆ ಬಾರಿಸಿ, ಅದರ ಸದ್ದು ಅಡಗುವುದರೊಳಗೆ ಬಿಸಿರೊಟ್ಟಿಯ ಮುಂದೆ ಕೂತಿರುತ್ತಿದ್ದ. ಇಂಥ ಸುಖ ಮಂತ್ರಿಗಳಿಗೂ ಇರಲಿಲ್ಲ.

ಜಳಕ ಮಾಡಿ ಹೊರಗೆ ಬಂದರೆ, ನೆರೆಮನೆಯ ಶಟ್ಟೆವ್ವ ಸೆರಗಿನಿಂದ ಭರಣಿ ಒರೆಸುತ್ತಿದ್ದಳು.

“ಯಾರೋ ಹಾಟ್ಯಾರು ನೀರಿಗೆ ಉಪ್ಪ ಸುರವಿದ್ರೋ ತಮ್ಮಾ. ಬಾಯಾಗ ಹಾಕ್ಕೊಂಡ ನೋಡಿದ್ನಿ, ಥೂ! ಎಲ್ಲಾ ಚೆಲ್ಲಿ ಬಾವಿ ನೀರ ತುಂಬೀನಿ. ನೋಡ, ಎಷ್ಟ ಆರಾಮ ಮಲಗೇತಿ!”

ಮೀನು ಹೊಟ್ಟೆ ಮೇಲೆ ಮಾಡಿ ಮಲಗಿತ್ತು.

“ಯಕ್ಕಾ, ಅದು ಉಪ್ಪನೀರಾಗ ಹುಟ್ಟಿದ್ದು!”

“ಹುಟ್ಟಿದಲ್ಲೇ ಇರಬೇಕಂತ ಎಲ್ಲೈತೋ? ನಾ ಉಗರಗೋಳದಾಗ ಹುಟ್ಟಿ ಇಲ್ಲಿ ಬಾಳೇ ಮಾಡಾಕತ್ತಿಲ್ಲೇನು?”

ಭರಮಪ್ಪ ಟವೆಲ್ ಹಿಡಿದು ಹಳ್ಳಕ್ಕೆ ಓಡಿದ. ಮೊಣಕಾಲುದ್ದ ಕೆಸರು ಕಲಕಿ, ಅಂಥದೇ ಮಣ್ಣುಬಣ್ಣದ ಮೀನೊಂದನ್ನು ತಂದು, ಭರಣಿಗೆ ಎರಡು ಮುಷ್ಟಿ ಉಪ್ಪು ಹಾಕಿ ಬಿಟ್ಟ. ಅದೂ ತೇಲಿತು. ಮತ್ತೆ ಹಳ್ಳ, ಮತ್ತೆ ಕೆಸರು. ಈ ಸಲ ಹೊಸದಾಗಿ ಬಾವಿ ನೀರು ತುಂಬಿದ, ಉಪ್ಪಿನ ಗೊಡವೆಗೆ ಹೋಗಲಿಲ್ಲ.

ಭರಣಿ ಸಾಲಿಯ ಮೇಜಿಗೇರಿತು. ಸಾಹೇಬರು ಬಂದರು, ನೋಡಿದರು. ಮೀನನ್ನು ನೋಡಿ ಬಿಟ್ಟಿದ್ದರೆ ಸಾಕಿತ್ತು. ಬೆರಳು ಅದ್ದಿ ನಾಲಿಗೆಗೂ ಇಟ್ಟುಕೊಂಡರು.

“ಕಡಲಿನ ಮೀನು ಅಂತೀರಿ, ನೀರು ಸಪ್ಪಗಿದೆಯಲ್ಲ?”

ಮಾಸ್ತರ ಮುಖ ಹಿಟ್ಟು ಬಳಿದಂತಾಯಿತು. ಭರಮಪ್ಪನೇ ಬಾಯಿಬಿಟ್ಟ: “ದಿನಾ ಇಷ್ಟಿಷ್ಟ ಉಪ್ಪ ಕಡಿಮಿ ಮಾಡಕೋತ ರೂಢಿ ಮಾಡಿಸೀನ್ರಿ ಸಾಹೇಬ್ರ. ಈಗ ಅದು ನಮ್ಮೂರ ಮೀನ ಆಗೇತ್ರಿ.”

ಸಾಹೇಬರು ಕುರ್ಚಿ ಬಿಟ್ಟೆದ್ದು ಅವನ ಬೆನ್ನು ತಟ್ಟಿದರು.

“ಶಹಬಾಸ್! ಇಂಥವನು ಇಲ್ಲಿ ಗಂಟೆ ಬಾರಿಸುವುದೆ? ಮಾಸ್ತರೇ, ಸುರೇಬಾನದ ಹೊಸ ಸಾಲಿಗೆ ವಿಜ್ಞಾನದ ಕೋಣೆ ಆಗಿದೆ. ನಾಳೆಯೇ ಇವನನ್ನು ಅಲ್ಲಿಗೆ ಕಳಿಸಿ.”

“ಸಾಹೇಬ್ರ, ನಾ ಇಲ್ಲೇ ಆರಾಮ ಅದೀನ್ರಿ...”

“ಸಂಕೋಚ ಬೇಡಪ್ಪ. ಕಾರವಾರದಿಂದ ಒಂದು ಡಜನ್ ಮೀನು ನಾನೇ ತರಿಸಿಕೊಡುತ್ತೇನೆ. ಅವಕ್ಕೂ ಬಾವಿ ನೀರು ರೂಢಿ ಮಾಡಿಸು. ಮುಂದಿನ ತಿಂಗಳು ಬಂದು ನೋಡುತ್ತೇನೆ.”